ಅಂಬಾಸಿಡರಾ, ಫಿಯೆಟ್ಟಾ, ಮಾರುತಿಯಾ? ಕ್ಲಾಸಿಕ್ ಕಾರು ಆರಿಸಿಕೊಳ್ಳುವ ದಾವಣಗೆರೆ–ಚಿತ್ರದುರ್ಗದವರಿಗೆ ಒಂದು ಹೋಲಿಕೆ

ದಾವಣಗೆರೆ, ಹರಿಹರ, ಚಿತ್ರದುರ್ಗದ ಸುತ್ತ ಹಳೇ ಕಾರು ಹುಡುಕಲು ಹೊರಟರೆ ಸಾಮಾನ್ಯವಾಗಿ ಆರು ಹೆಸರು ಕಿವಿಗೆ ಬೀಳುತ್ತವೆ. ಅಂಬಾಸಿಡರ್, ಫಿಯೆಟ್ ಅಥವಾ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಜೀಪು, ಕಾಂಟೆಸ್ಸಾ, ಮೊದಮೊದಲ ಮಾರುತಿ 800. ಮಾರುವವರು ಆರನ್ನೂ ಕ್ಲಾಸಿಕ್ ಅಂತಲೇ ಹೇಳುತ್ತಾರೆ. ಬೆಲೆಯನ್ನೂ ಹಾಗೇ ಹೇಳುತ್ತಾರೆ. ಆದರೆ ಇವುಗಳಲ್ಲಿ ಯಾವುದು ನಿಜವಾಗಿ ಕ್ಲಾಸಿಕ್, ಯಾವುದು ಸುಮ್ನೆ ಹಳೆಯದು? ನಮ್ಮೂರಿನ ಬಿಸಿಲು, ನೀರು, ರಸ್ತೆ, ಗ್ಯಾರೇಜುಗಳ ನಡುವೆ ಇಟ್ಟುಕೊಂಡು ಓಡಿಸಲು ಯಾವುದು ಆದೀತು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಯಸ್ಸು ಬೇಕು, ಆದರೆ ವಯಸ್ಸೊಂದೇ ಸಾಲದು. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಉಳಿದಿರುವ ಕಾರನ್ನು ನಾನು ಕ್ಲಾಸಿಕ್ ಅನ್ನುತ್ತೇನೆ. ಫಳಫಳ ಹೊಳೆಯುವ, ಆದರೆ ಇಂಜಿನ್ ಬದಲಾದ ಅಂಬಾಸಿಡರ್ ಒಂದು ಕಡೆ ಇರಲಿ, ಬಣ್ಣ ಮಾಸಿದ, ಸ್ವಂತ ಇಂಜಿನ್ ಇರುವ ಫಿಯೆಟ್ ಇನ್ನೊಂದು ಕಡೆ ಇರಲಿ. ನಾನು ಕಣ್ಣು ಮುಚ್ಚಿಕೊಂಡು ಫಿಯೆಟ್ ಕಡೆ ಹೋಗುತ್ತೇನೆ.

ಎಷ್ಟು ವರ್ಷ ಆಗಿರಬೇಕು?

ಎಲ್ಲರೂ ಒಪ್ಪುವ ಒಂದೇ ಅಂಕಿ ಇಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ಅನ್ನುತ್ತದೆ. ಜೊತೆಗೆ ಇನ್ನೆರಡು ಮಾತು ಸೇರಿಸುತ್ತದೆ. ಕಾರು ತನ್ನ ಕಾಲದ ರೂಪದಲ್ಲೇ ಇರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುತ್ತಿರಬಾರದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ವಾಹನ ತೆರಿಗೆಯ ವಿನಾಯಿತಿ ಸಿಗುತ್ತದೆ. ನಮ್ಮ ದೇಶದ ಕಾನೂನಿನಲ್ಲಿ 50 ವರ್ಷ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿ ಆಗಿ 50 ವರ್ಷ ದಾಟಿದ ಕಾರು, ಬೈಕುಗಳನ್ನು ‘ವಿಂಟೇಜ್’ ಎಂದು ಗುರುತಿಸಿತು. ಚಾಸಿ (ಕಾರಿನ ಅಡಿಯ ಚೌಕಟ್ಟು), ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುವುದು ಅದೇ ನಿಯಮದ ಇನ್ನೊಂದು ಷರತ್ತು. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ.

ಈ ಅಳತೆಗೋಲು ಹಿಡಿದು ನಮ್ಮ ಆರು ಕಾರುಗಳನ್ನು ನೋಡೋಣ. 1960ರ ದಶಕದ ಅಂಬಾಸಿಡರ್, ಫಿಯೆಟ್, ಹೆರಾಲ್ಡ್, ಜೀಪು ಎಲ್ಲವೂ 50 ದಾಟಿವೆ. ‘ಪ್ರೀಮಿಯರ್ ಪದ್ಮಿನಿ’ ಅನ್ನುವ ಹೆಸರು ಬಂದದ್ದು 1974ರಲ್ಲಿ. ಅಂದರೆ ಮೊದಲ ಪದ್ಮಿನಿಗಳು ಈಗಷ್ಟೇ ಆ ಗೆರೆ ದಾಟುತ್ತಿವೆ. 1984ರಲ್ಲಿ ಬಂದ ಕಾಂಟೆಸ್ಸಾಗೂ 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ಗೂ ಕಾನೂನಿನ ಪ್ರಕಾರ ಇನ್ನೂ ಕಾಲ ಇದೆ. ಫಿವಾ ಲೆಕ್ಕದಲ್ಲಿ ನೋಡಿದರೆ ಅವೆರಡರ ಹಳೇ ಕಾರುಗಳು ಯಾವತ್ತೋ ಒಳಗೆ ಬಂದಾಗಿದೆ.

ವಿಎ ನಂಬರ್ ಮಾಡಿಸಬೇಕಾ?

50 ವರ್ಷ ದಾಟಿದ ಕಾರು ಸಿಕ್ಕಿದ ಕೂಡಲೇ ಬಹಳ ಜನ ಕೇಳುವುದು ಇದನ್ನೇ. ವಿಂಟೇಜ್ ನೋಂದಣಿಯಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆಮೇಲೆ ಮರುನೋಂದಣಿಗೆ 5,000 ರೂಪಾಯಿ. ಮೊದಲೇ ನೋಂದಣಿ ಇರುವ ಕಾರಾದರೆ ಹಳೇ ನಂಬರನ್ನೇ ಉಳಿಸಿಕೊಳ್ಳುವ ಅವಕಾಶವೂ ಇದೆ.

ಆದರೆ ಇದರಲ್ಲಿ ಒಂದು ಕಟ್ಟು ಇದೆ. ವಿಂಟೇಜ್ ನೋಂದಣಿಯ ಕಾರನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿಗೆ ಒಯ್ಯುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಬಾಡಿಗೆಗೆ ಅಂತೂ ಇಲ್ಲವೇ ಇಲ್ಲ. ಮದುವೆ ಸೀಸನ್‌ನಲ್ಲಿ ಮದುಮಕ್ಕಳನ್ನು ಕರೆತರಲು ಬಾಡಿಗೆಗೆ ಬಿಟ್ಟು ನಾಲ್ಕು ಕಾಸು ಮಾಡೋಣ ಅಂತ ಲೆಕ್ಕ ಹಾಕುವವರು ಇದನ್ನು ಮೊದಲೇ ತಿಳಿದಿರಬೇಕು.

ಭಾನುವಾರ ಬೆಳಿಗ್ಗೆ ಮನೆಯವರನ್ನು ಕೂರಿಸಿಕೊಂಡು ಬೆಣ್ಣೆ ದೋಸೆಗೆ ಹೋಗಬೇಕು, ಒಮ್ಮೊಮ್ಮೆ ವಾಣಿವಿಲಾಸ ಸಾಗರದವರೆಗೆ ಹೋಗಿ ಬರಬೇಕು ಅನ್ನುವವರಿಗೆ ಸಾಮಾನ್ಯ ನೋಂದಣಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದು ವಾಸಿ. ಕಾರು ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ (ಎಫ್‌ಸಿ) ಮಾಡಿಸಬೇಕು, ಹಳೇ ವಾಹನಗಳಿಗೆ ಹಾಕುವ ಹಸಿರು ತೆರಿಗೆ ಕಟ್ಟಬೇಕು. ಸ್ವಲ್ಪ ಓಡಾಟ ಇದೆ. ಆದರೂ ಕಾರು ಇರುವುದು ಓಡಿಸೋಕೆ ಅಲ್ವಾ? ವಿಎ ನಂಬರ್ ಒಪ್ಪುವುದು ನಾಲ್ಕೈದು ಕಾರು ಕೂಡಿಟ್ಟು ಪ್ರದರ್ಶನಕ್ಕೆ ಒಯ್ಯುವವರಿಗೆ ಮತ್ತು ನೋಂದಣಿಯೇ ಕಳೆದುಹೋದ ಹಳೇ ಕಾರನ್ನು ಮತ್ತೆ ಕಾನೂನಿನ ಒಳಗೆ ತರಬೇಕಾದವರಿಗೆ.

ನಂಬರಿನ ವಿಷಯದಲ್ಲೇ ಇನ್ನೊಂದು ಮಾತು. ‘ಎಂವೈ’ ಎಂದು ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರ್ ಇನ್ನೂ ಉಳಿಸಿಕೊಂಡ ಕಾರು ಸಿಕ್ಕರೆ ಅದನ್ನು ಯಾವ ಕಾರಣಕ್ಕೂ ಬದಲಾಯಿಸಬೇಡಿ. ಕೆಎ 16 ಚಿತ್ರದುರ್ಗ, ಕೆಎ 17 ದಾವಣಗೆರೆ ಅನ್ನುವ ಗುರುತೆಲ್ಲ ಆಮೇಲೆ ಬಂದದ್ದು. ದಾವಣಗೆರೆ ಬೇರೆ ಜಿಲ್ಲೆ ಆಗಿದ್ದೇ 1997ರಲ್ಲಿ. ಹಳೇ ನಂಬರ್ ಪ್ಲೇಟಿನಲ್ಲಿ ಆ ಕಾರಿನ ಊರು, ಕಾಲ ಎರಡೂ ಇರುತ್ತವೆ.

ಮೂಲ ರೂಪ ಉಳಿದಿದೆಯಾ?

ನಮ್ಮ ಕಡೆ ಹಳೇ ಕಾರು ನೋಡುವಾಗ ಜಾಸ್ತಿ ಎಚ್ಚರ ಬೇಕಾದ ಜಾಗ ಇದು. ಪೆಟ್ರೋಲ್ ದುಬಾರಿ ಅನಿಸಿದ ಕಾಲದಲ್ಲಿ ಬಹಳಷ್ಟು ಅಂಬಾಸಿಡರ್‌ಗಳ ಪೆಟ್ರೋಲ್ ಇಂಜಿನ್ ಇಳಿಸಿ, ಮೆಟಡಾರ್ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸಿದರು. ಟ್ಯಾಕ್ಸಿ ಓಡಿಸುವವರಿಗೆ, ದಿನಾ ಊರೂರು ಸುತ್ತುವ ವರ್ತಕರಿಗೆ ಅದು ಬದುಕಿನ ಲೆಕ್ಕಾಚಾರ. ಅದರಲ್ಲಿ ತಪ್ಪೇನಿಲ್ಲ. ಆದರೆ ಅಂಥ ಕಾರನ್ನು ಈಗ ಕ್ಲಾಸಿಕ್ ಬೆಲೆಗೆ ಕೊಳ್ಳುವುದು ತಪ್ಪು. ವಿಂಟೇಜ್ ನಿಯಮದ ಷರತ್ತೂ ಅದಕ್ಕೆ ಅಡ್ಡ ಬರುತ್ತದೆ. ಡೀಸೆಲ್ ಅಂದ ಮಾತ್ರಕ್ಕೆ ತಳ್ಳಿಹಾಕಲೂ ಬೇಡಿ. 1980ರ ಸುಮಾರಿನಿಂದ ಕಾರ್ಖಾನೆಯೇ 1489 ಸಿಸಿಯ ಡೀಸೆಲ್ ಅಂಬಾಸಿಡರ್ ಮಾಡಿ ಮಾರಿದೆ. ಆ ಇಂಜಿನ್ ಇದ್ದರೆ ಅದೂ ಮೂಲ ರೂಪವೇ. ಆರ್‌ಸಿಯಲ್ಲಿರುವ ಇಂಜಿನ್ ನಂಬರು, ಸಿಸಿ, ಇಂಧನ ಮೂರನ್ನೂ ಬೋನೆಟ್ ಎತ್ತಿ ತಾಳೆ ನೋಡಿದರೆ ವಿಷಯ ಗೊತ್ತಾಗುತ್ತದೆ.

ಎಲ್ಲ ಬದಲಾವಣೆಯೂ ಕೆಟ್ಟದ್ದಲ್ಲ. ನಾನು ಇಟ್ಟುಕೊಂಡಿರುವ ಅಳತೆ ಸರಳ. ಒಂದು ದಿನ ಕೂತು ಬಿಚ್ಚಿ ಮೊದಲಿನ ಹಾಗೆ ಮಾಡಬಹುದಾ? ಹಾಗಾದರೆ ಪರವಾಗಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ ತೆಗೆದು ಅದೇ ಕೆಲಸದ ಹೊಸ ಆಲ್ಟರ್ನೇಟರ್ ಹಾಕಿದ್ದಾರೆ, ಹಳೇ ಡೈನಮೊ ಮನೆಯಲ್ಲೇ ಇದೆ ಅಂದರೆ ಸರಿ. ಒಳ್ಳೆಯ ಹಾರ್ನ್, ಪ್ರಖರ ಬಲ್ಬು, ಸೀಟ್ ಬೆಲ್ಟು ಇವೆಲ್ಲ ರಸ್ತೆಯ ಸುರಕ್ಷತೆಗೆ ಬೇಕು. ಆದರೆ ಡ್ಯಾಶ್‌ಬೋರ್ಡ್ ಕೊರೆದು ಸ್ಕ್ರೀನ್ ಕೂರಿಸಿದ್ದಾರಾ, ಅಗಲ ಟೈರಿಗಾಗಿ ಮಡ್‌ಗಾರ್ಡ್ ಕತ್ತರಿಸಿದ್ದಾರಾ, ಸ್ಟೀರಿಂಗ್ ಪಕ್ಕದ ಗೇರನ್ನು ನೆಲಕ್ಕೆ ಇಳಿಸಲು ತಳ ತೂತು ಮಾಡಿದ್ದಾರಾ, ಆಗ ಕೈಬಿಡಿ. ಕತ್ತರಿಸಿದ ತಗಡು ಮತ್ತೆ ಹುಟ್ಟುವುದಿಲ್ಲ.

ಹೊಸ ಬಣ್ಣದ ಬಗ್ಗೆ ನನಗೆ ಸಂಶಯ ಜಾಸ್ತಿ. ಬಿರುಕು ಬಿಟ್ಟ ಗೋಡೆಗೆ ಹಬ್ಬದ ಹಿಂದಿನ ದಿನ ಸುಣ್ಣ ಬಳಿದಂತೆ ಎಷ್ಟೋ ಕಾರುಗಳಿಗೆ ಮಾರುವ ಮುಂಚೆ ಬಣ್ಣ ಹೊಡೆಸಿರುತ್ತಾರೆ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ಅಂಚು ಇಲ್ಲೆಲ್ಲ ಹಿಡಿದು ನೋಡಿ. ಅಂಟದೆ ಜಾರಿದರೆ ಒಳಗಿರುವುದು ತಗಡಲ್ಲ, ಪುಟ್ಟಿ. ಒಳಗಿನ ಮ್ಯಾಟ್ ಎತ್ತಿ ನೆಲ ನೋಡಿ. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಅಂಬಾಸಿಡರ್, ಫಿಯೆಟ್ ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಕೆಳಗಿನ ತಗಡು ತಿಂದುಹೋಗಿದ್ದರೆ ಅದು ಅಂದದ ಪ್ರಶ್ನೆಯಲ್ಲ, ಕಾರಿನ ಬೆನ್ನುಮೂಳೆಯ ಪ್ರಶ್ನೆ.

ಹಾಗಂತ ಎಲ್ಲ ತುಕ್ಕಿಗೂ ಹೆದರಬೇಕಿಲ್ಲ. ನಮ್ಮ ಒಣ ಹವೆಯಲ್ಲಿ ಬೆಳೆದ ಕಾರಿಗೂ ಕರಾವಳಿಯಿಂದ ಬಂದ ಕಾರಿಗೂ ಬಹಳ ವ್ಯತ್ಯಾಸ ಇದೆ. ಮಂಗಳೂರು, ಉಡುಪಿ ಕಡೆಯ ಮಳೆ ಮತ್ತು ಉಪ್ಪುಗಾಳಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆ ಶೆಡ್ಡಿನಲ್ಲಿ ನಿಂತಿದ್ದ ಕಾರಿನಲ್ಲಿ ತಗಡು ಚೆನ್ನಾಗಿರುತ್ತದೆ, ರಬ್ಬರ್ ಹಾಳಾಗಿರುತ್ತದೆ. ಕಿಟಕಿಯ ಬೀಡಿಂಗ್, ಹೋಸು, ವೈರಿನ ಕವಚ ಒಣಗಿ ಸೀಳಿರುತ್ತವೆ. ಸೀಟಿನ ರೆಕ್ಸಿನ್ ಬಿರಿದಿರುತ್ತದೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ರಬ್ಬರ್ ಹೋದ ಕಾರೇ ಇರಲಿ. ರಬ್ಬರ್ ದುಡ್ಡು ಕೊಟ್ಟರೆ ಸಿಗುತ್ತದೆ.

ಈಗ ಒಂದೊಂದಾಗಿ

ಅಂಬಾಸಿಡರ್‌ನಿಂದಲೇ ಶುರು ಮಾಡೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಇದರ ಮೂಲ. ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ 1957ರಿಂದ 2014ರವರೆಗೆ ತಯಾರಾಯಿತು. ಇಷ್ಟು ದೀರ್ಘ ಕಾಲ ಬಂದ ಕಾರಿನಲ್ಲಿ ಎಲ್ಲವೂ ಒಂದೇ ಅಲ್ಲ. 2005ರ ಅಂಬಾಸಿಡರ್ ತೋರಿಸಿ ಕ್ಲಾಸಿಕ್ ಅಂದರೆ ನಾನು ಒಪ್ಪುವುದಿಲ್ಲ. ಆಕಾರ ಹಳೆಯದು, ಕಾರು ಹಳೆಯದಲ್ಲ. ಹುಡುಕಬೇಕಾದ್ದು 1962ರವರೆಗಿನ ಮಾರ್ಕ್ 1 ಅಥವಾ 1962ರಿಂದ 1975ರವರೆಗಿನ ಮಾರ್ಕ್ 2. ಮುಂದಿನ ಜಾಲರಿ ಸಣ್ಣ ಸಣ್ಣ ಚೌಕಗಳಿಂದ ಕೂಡಿದ್ದರೆ ಅದು ಮಾರ್ಕ್ 2. 1489 ಸಿಸಿಯ ಪೆಟ್ರೋಲ್ ಇಂಜಿನ್, ಹಿಂದೆ ಪಟ್ಟಿ ಸ್ಪ್ರಿಂಗು, ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಐದು ಜನ ಆರಾಮಾಗಿ ಕೂರಬಹುದು, ಒತ್ತಿ ಕೂತರೆ ಇನ್ನೂ ಹೆಚ್ಚು. ಹಳ್ಳಿ ರಸ್ತೆಗೆ ಇದಕ್ಕಿಂತ ಹೊಂದುವ ಕಾರು ಇವುಗಳಲ್ಲಿ ಇನ್ನೊಂದಿಲ್ಲ. ಬಿಡಿಭಾಗ ಇನ್ನೂ ಸಿಗುತ್ತವೆ. ಕೋಲ್ಕತ್ತದ ಮಲ್ಲಿಕ್ ಬಜಾರ್ ಇದಕ್ಕೆ ಹೆಸರಾದ ಜಾಗ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ವಿಚಾರಿಸಬಹುದು. ಕಷ್ಟ ಏನೆಂದರೆ, ಮಾರ್ಕ್ 2ಗೆ ಆಮೇಲಿನ ಮಾಡೆಲ್‌ಗಳ ಜಾಲರಿ, ದೀಪ, ಬಂಪರ್ ಎಲ್ಲ ಅಷ್ಟಿಷ್ಟು ತಿದ್ದಿದರೆ ಕೂರುತ್ತವೆ. ಅದಕ್ಕೇ ಪೂರ್ತಿ ಮಾರ್ಕ್ 2 ಆಗಿ ಉಳಿದದ್ದು ಕಡಿಮೆ. ಸಿಕ್ಕರೆ ಬಿಡಬೇಡಿ.

ನಮ್ಮ ಊರಿನವರಿಗೆ ನನ್ನ ಮೊದಲ ಆಯ್ಕೆ ಮಾತ್ರ ಫಿಯೆಟ್. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು ತಯಾರಿಸಿತು. ಇಟಲಿಯ ಫಿಯೆಟ್ 1100 ಕಾರಿನ ಭಾರತದ ರೂಪ ಇದು. 1964ರಲ್ಲಿ ಬಂದ ‘1100 ಡಿಲೈಟ್’ ಆಕಾರವೇ ಹೆಸರು ಬದಲಾಯಿಸಿಕೊಂಡು ‘ಪ್ರೆಸಿಡೆಂಟ್’ ಆಗಿ, ಕೊನೆಗೆ ‘ಪದ್ಮಿನಿ’ ಆಗಿ 2000ದ ಸುಮಾರಿನವರೆಗೂ ಬಂತು. 1089 ಸಿಸಿಯ ಸಣ್ಣ ಇಂಜಿನ್, 40 ಅಶ್ವಶಕ್ತಿಯ ಸುಮಾರು. ಗೇರು ಸ್ಟೀರಿಂಗ್ ಪಕ್ಕದಲ್ಲಿ. ಅಂಬಾಸಿಡರ್‌ಗಿಂತ ಹಗುರ, ಚಿಕ್ಕದು, ತಿರುಗಿಸಲು ಸುಲಭ. ಮಂಡಿಪೇಟೆಯಂಥ ಇಕ್ಕಟ್ಟಿನ ಬೀದಿಯಲ್ಲೂ ಕಷ್ಟವಿಲ್ಲ. ಹಳೇ ಮನೆಗಳ ಸಣ್ಣ ಶೆಡ್ಡಿನಲ್ಲೂ ಹಿಡಿಯುತ್ತದೆ. ಮುಂಬೈಯಲ್ಲಿ ಇದು ದಶಕಗಟ್ಟಲೆ ಕಪ್ಪು–ಹಳದಿ ಟ್ಯಾಕ್ಸಿ ಆಗಿತ್ತು, ಅಲ್ಲಿನ ಟ್ಯಾಕ್ಸಿ ಓಟ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಅಷ್ಟು ಕಾಲ ಟ್ಯಾಕ್ಸಿಯಾಗಿ ದುಡಿದಿದ್ದರಿಂದ ಬಿಡಿಭಾಗಕ್ಕೂ ಇದರ ಕೆಲಸ ಬಲ್ಲ ಕೈಗಳಿಗೂ ಕೊರತೆ ಆಗಿಲ್ಲ.

ಫಿಯೆಟ್ಟನ್ನು ನಾನು ಮುಂದಿಡುವುದಕ್ಕೆ ಇನ್ನೊಂದು ಕಾರಣ ಇದೆ. ಅಂಬಾಸಿಡರ್ ಸರ್ಕಾರದ್ದು, ಟ್ಯಾಕ್ಸಿಯದ್ದು, ಮಿಲ್ಲಿನದ್ದು ಆಗಿ ಕೈ ಬದಲಾಯಿಸಿ ಸವೆದಿರುತ್ತದೆ. ಫಿಯೆಟ್ ಮನೆಯ ಕಾರು. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಡಾಕ್ಟರು, ವಕೀಲರು, ಮೇಷ್ಟರು ಅದನ್ನು ಮನೆಯವರಂತೆ ನೋಡಿಕೊಂಡಿದ್ದಾರೆ. ಒಂದೇ ಕುಟುಂಬದಲ್ಲಿ ಉಳಿದ, ಮೊದಲ ಬಿಲ್ಲು, ಮೊದಲ ಆರ್‌ಸಿ ಪುಸ್ತಕ ಸಮೇತ ಇರುವ ಫಿಯೆಟ್ ಇನ್ನೂ ಸಿಗುತ್ತದೆ. ಅಂಥದ್ದು ಸಿಕ್ಕರೆ ಬಣ್ಣ ಮಾಸಿದೆ ಅಂತ ಹಿಂಜರಿಯಬೇಡಿ.

ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಲು ಇವೆಲ್ಲಕ್ಕಿಂತ ಚೆಂದ. ಅದರಲ್ಲಿ ನನಗೆ ಎರಡು ಮಾತಿಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಲ್ಲಿ ಇದನ್ನು ಶುರು ಮಾಡಿತು. ಬೋನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿ ತೆರೆದುಕೊಳ್ಳುತ್ತದೆ, ಇಂಜಿನ್ ಕೆಲಸಕ್ಕೆ ಸುತ್ತ ನಿಂತು ಕೈ ಹಾಕಬಹುದು. ಇದಕ್ಕೆ ಬೇರೆ ಚಾಸಿ ಇದೆ, ಬಾಡಿಯ ಭಾಗಗಳು ಬೋಲ್ಟಿನಲ್ಲಿ ಕೂತಿವೆ. ಹಾಗಾಗಿ ಬಿಚ್ಚಿ ರಿಪೇರಿ ಮಾಡುವುದು ಸಲೀಸು. ಆದರೆ ಹಿಂದಿನ ಆಕ್ಸಲ್ ಮತ್ತು ಅಡ್ಡ ಪಟ್ಟಿ ಸ್ಪ್ರಿಂಗಿನ ವ್ಯವಸ್ಥೆ ಸೂಕ್ಷ್ಮ, ಜೋರಾಗಿ ತಿರುವು ತೆಗೆದುಕೊಂಡರೆ ಹಿಂಚಕ್ರ ಒಳಕ್ಕೆ ಮಡಚುತ್ತದೆ. 1972ರಿಂದ ಬಂದ, ಇದರ ಮುಂದಿನ ಮಾಡೆಲ್ ಗೆಝೆಲ್‌ನಲ್ಲಿ ಇದನ್ನು ಬದಲಾಯಿಸಿದರು. ಬಿಡಿಭಾಗಕ್ಕೆ ಚೆನ್ನೈವರೆಗೆ ಹುಡುಕಾಟ. ಮನೆಯಲ್ಲಿ ಓಡುವ ಇನ್ನೊಂದು ಕಾರು ಇದ್ದು, ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಹೆರಾಲ್ಡ್ ತೆಗೆದುಕೊಳ್ಳಿ.

ಜೀಪಿನ ಬಗ್ಗೆ ಕಡಿಮೆ ಹೇಳುತ್ತೇನೆ. ಮಹೀಂದ್ರಾ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪು ಜೋಡಿಸಲು ಶುರು ಮಾಡಿತು. ಆ ಕಾಲದ ಜೀಪು ಅಥವಾ 1960ರ ದಶಕದ, ಎತ್ತರ ಬೋನೆಟ್ಟಿನ ಸಿಜೆ 3ಬಿ ಮಾಡೆಲ್ ನಿಜವಾದ ಕ್ಲಾಸಿಕ್. ಆದರೆ ಮಾರುಕಟ್ಟೆಯಲ್ಲಿ ಕಾಣುವ ಬಹಳಷ್ಟು ‘ವಿಲ್ಲಿಸ್’ಗಳು ಬೇರೆ ಬೇರೆ ಜೀಪಿನ ಭಾಗ ಸೇರಿಸಿ, ಹೊಸ ತಗಡಿನ ಬಾಡಿ ಕೂರಿಸಿ ಮಾಡಿದವು. ಚಾಸಿ ನಂಬರ್ ಮೇಲೆ ಉಜ್ಜಿದ ಗುರುತು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಕಾಂಟೆಸ್ಸಾ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಕಾರಿನ ಮೂಲದ ಈ ಕಾರು 1984ರಿಂದ 2002ರವರೆಗೆ ಬಂತು. ಮೊದಲಿಗೆ ಅಂಬಾಸಿಡರ್‌ನ 1.5 ಲೀಟರ್ ಇಂಜಿನ್ ಇತ್ತು, ಅಷ್ಟು ದೊಡ್ಡ ಕಾರಿಗೆ ಅದು ಸಾಲದು. ಆಮೇಲೆ ಬಂದ, ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಇಂಜಿನ್, 5 ಗೇರಿನ ಕಾಂಟೆಸ್ಸಾ ನಿಜಕ್ಕೂ ಒಳ್ಳೆಯ ಕಾರು. ತೊಂದರೆ ಇರುವುದು ಕಾರಿನಲ್ಲಲ್ಲ. ಅಮೆರಿಕದ ದೊಡ್ಡ ಕಾರುಗಳ ಹಾಗೆ ಕಾಣಲಿ ಅಂತ ಇದನ್ನು ತಿದ್ದಿದಷ್ಟು ಬೇರಾವ ಕಾರನ್ನೂ ತಿದ್ದಿಲ್ಲ. ದೀಪದ ಗಾಜು, ಕ್ರೋಮ್ ಪಟ್ಟಿ, ಬಂಪರ್ ಕಳೆದುಹೋದರೆ ಹುಡುಕಿ ತರುವುದು ಕಷ್ಟ. ಯಾರೂ ಕೈ ಹಾಕದ, ಇಸುಝು ಇಂಜಿನ್ನಿನ ಕಾಂಟೆಸ್ಸಾ ಸಿಕ್ಕರೆ ಕೊಳ್ಳಿ. ತಿದ್ದಿದ್ದನ್ನು ಸರಿ ಮಾಡುತ್ತೇನೆ ಅಂತ ಕೊಳ್ಳಬೇಡಿ.

ಇನ್ನು ಮಾರುತಿ 800. ‘ಅದೂ ಕ್ಲಾಸಿಕ್ಕಾ?’ ಅಂತ ಕೇಳುವವರು ಇದ್ದಾರೆ. ಖಂಡಿತ ಹೌದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. 796 ಸಿಸಿ, 3 ಸಿಲಿಂಡರಿನ ಆ ಸಣ್ಣ ಕಾರು ಭಾರತದ ಮಧ್ಯಮ ವರ್ಗ ಕಾರನ್ನು ನೋಡುವ ರೀತಿಯನ್ನೇ ಬದಲಾಯಿಸಿತು. ಡ್ರೈವರ್ ಇಲ್ಲದೆ, ಮೆಕ್ಯಾನಿಕ್ ಜೊತೆಗಿಲ್ಲದೆ ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ಕಾರು ಅಂದರೆ ಆಗ ಸಣ್ಣ ಮಾತಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಕಾರು ಕಲಿತದ್ದು ಇದರಲ್ಲೇ. ಒಂದು ಕಾರು ಜನರ ಬದುಕನ್ನು ಇಷ್ಟು ಮುಟ್ಟಿದೆ ಅಂದರೆ ಅದನ್ನು ಉಳಿಸಿಕೊಳ್ಳಲೇಬೇಕು.

ಆದರೆ ಯಾವ 800 ಅನ್ನುವುದು ಮುಖ್ಯ. 2014ರ ಜನವರಿಯವರೆಗೂ ಇದು ತಯಾರಾಗಿದೆ. ಬೇಕಾದದ್ದು 1986ರ ಮೊದಲಿನ ‘ಎಸ್‌ಎಸ್ 80’. ಚೌಕಾಕಾರದ, ನೆಟ್ಟಗಿನ ಮುಖದ ಕಾರು. ಅದರ ಬಹುತೇಕ ಭಾಗಗಳು ಜಪಾನಿನಿಂದ ಬಂದು ಇಲ್ಲಿ ಜೋಡಣೆಯಾದವು. ಆಮೇಲಿನ 800 ಬೇಕಾದಷ್ಟಿವೆ, ಇದು ಈಗಲೇ ಅಪರೂಪ. ಎಷ್ಟೋ ಕಾರುಗಳನ್ನು ಬೆಲೆ ಇಲ್ಲ ಅಂತ ಗುಜರಿಗೆ ಹಾಕಿಬಿಟ್ಟಿದ್ದಾರೆ. ನಿಮ್ಮ ಊರಲ್ಲಿ ಯಾರದಾದರೂ ಹಿತ್ತಲಲ್ಲಿ ಎಸ್‌ಎಸ್ 80 ನಿಂತಿದ್ದರೆ ಇವತ್ತೇ ಹೋಗಿ ಮಾತಾಡಿ. ಕಡಿಮೆ ದುಡ್ಡಿನಲ್ಲಿ ಶುರು ಮಾಡಬೇಕು ಅನ್ನುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಅದೂ ಸಿಗದಿದ್ದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೇ ಜಾವಾ ಬೈಕು ನೋಡಿ. 50 ವರ್ಷದ ನಿಯಮ ಅದಕ್ಕೂ ಅನ್ವಯ.

ಕೊಳ್ಳುವ ಮೊದಲು ಕಣ್ಣು ಪಳಗಲಿ. ಧರ್ಮಸ್ಥಳದ ಕಾರುಗಳ ಸಂಗ್ರಹ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂ ಎರಡನ್ನೂ ನೋಡಿ ಬನ್ನಿ. ಮೂಲ ರೂಪ ಹೇಗಿರುತ್ತದೆ ಅನ್ನುವುದನ್ನು ಫೋಟೊ ನೋಡಿ ಕಲಿಯುವುದಕ್ಕಿಂತ ಎದುರು ನಿಂತು ನೋಡಿದರೆ ಬೇಗ ತಿಳಿಯುತ್ತದೆ.

ನಮ್ಮೂರಲ್ಲಿ ಸಾಕುವುದು

ನೀರು ಮೊದಲನೆಯದು. ದಾವಣಗೆರೆ, ಚಿತ್ರದುರ್ಗದ ಬೋರ್ ನೀರು ಗಡಸು. ವರ್ಷಾನುಗಟ್ಟಲೆ ಅದನ್ನೇ ರೇಡಿಯೇಟರ್‌ಗೆ ಸುರಿದ ಕಾರಿನಲ್ಲಿ ಬಿಳಿ ಪದರ ಕಟ್ಟಿ ದಾರಿಯೇ ಮುಚ್ಚಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ಅಂಬಾಸಿಡರ್ ಕುದಿಯಲು ಬಹಳ ಸಲ ಇದೇ ಕಾರಣ, ಇಂಜಿನ್ನಿನ ದೋಷ ಅಲ್ಲ. ಕೊಂಡ ಕೂಡಲೇ ರೇಡಿಯೇಟರ್ ಬಿಚ್ಚಿ ತೊಳೆಸಿ, ಕೂಲಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನೇ ಹಾಕಿ.

ಎರಡನೆಯದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಅದು ಹಳೇ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನ ತಳದ ಕೊಳೆ ಎಬ್ಬಿಸಿ, ಗಾಳಿ–ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತು (ಜೆಟ್) ಮುಚ್ಚಿಸುತ್ತದೆ. ಪೆಟ್ರೋಲ್ ಹೋಸುಗಳನ್ನೂ ಪಂಪಿನ ಒಳಗಿನ ರಬ್ಬರ್ ಪೊರೆಯನ್ನೂ (ಡಯಾಫ್ರಮ್) ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿ. ಕಾರನ್ನು ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಸಿ ನಿಲ್ಲಿಸಬೇಡಿ. ಇನ್ನೊಂದು ವಿಷಯ ಇದಕ್ಕೂ ಹಳೆಯದು. 2000ದಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು. ಸೀಸ ಇದ್ದ ಕಾಲಕ್ಕೆ ಮಾಡಿದ ಇಂಜಿನ್ನಿನಲ್ಲಿ ವಾಲ್ವ್ ಕೂರುವ ಜಾಗ ಈಗ ಬೇಗ ಸವೆಯುತ್ತದೆ. ಇಂಜಿನ್ನಿನ ಮೇಲ್ಭಾಗ (ಹೆಡ್) ಬಿಚ್ಚುವ ಸಂದರ್ಭ ಬಂದರೆ ಗಟ್ಟಿ ಲೋಹದ ವಾಲ್ವ್ ಸೀಟ್ ಹಾಕಿಸಿಬಿಡಿ. ಅದು ಕಣ್ಣಿಗೆ ಕಾಣುವುದಿಲ್ಲ, ಇಂಜಿನ್ ಉಳಿಯುತ್ತದೆ. ಮೂಲ ರೂಪಕ್ಕೆ ಇದರಿಂದ ಕುಂದು ಬರುತ್ತದೆ ಅಂತ ನಾನು ಒಪ್ಪುವುದಿಲ್ಲ.

ಲೇತ್ ಕೆಲಸದ ವಿಷಯದಲ್ಲಿ ಮಾತ್ರ ನಾವು ಅದೃಷ್ಟವಂತರು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನೇ ತಯಾರಿಸಿತು. ಆ ಕೆಲಸದ ಪರಂಪರೆ ಹರಿಹರ–ದಾವಣಗೆರೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ಇದೆ. ಬುಷ್, ಪಿನ್ನು, ಶಾಫ್ಟು ಇಂಥವನ್ನು ಹಳೆಯದನ್ನು ಮಾದರಿಗೆ ಕೊಟ್ಟರೆ ಅಳತೆ ಹಿಡಿದು ಮಾಡಿಕೊಡುವವರು ಸಿಗುತ್ತಾರೆ. ಅಂಥ ಒಬ್ಬ ಮೇಸ್ತ್ರಿಯ ಪರಿಚಯ ಮಾಡಿಕೊಂಡು, ಆಮೇಲೆ ಕಾರು ನೋಡಲು ಹೋಗಿ. ಹೋಗುವಾಗ ಅವರನ್ನೂ ಕರೆದೊಯ್ಯಿರಿ. ಸವೆದ ಭಾಗವನ್ನು ಮಾಡಬಹುದಾ, ತರಿಸಲೇಬೇಕಾ ಅನ್ನುವುದು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಾಗದಪತ್ರ, ಕೊನೆಗೆ ಓಟ

ಕಾರು ಎಷ್ಟೇ ಚೆನ್ನಾಗಿರಲಿ, ಆರ್‌ಸಿ ಇಲ್ಲದಿದ್ದರೆ ಮುಂದಿನ ಓಡಾಟ ಬಹಳ. ಕೈಬರಹದ ಹಳೇ ಆರ್‌ಸಿ ಪುಸ್ತಕ ಇದ್ದರೆ ಅದರ ವಿವರ ಸಾರಿಗೆ ಇಲಾಖೆಯ ಕಂಪ್ಯೂಟರಿನಲ್ಲಿ ಸೇರಿದೆಯಾ ನೋಡಿ. ಸೇರಿಲ್ಲದಿದ್ದರೆ ಮೊದಲು ನೋಂದಣಿ ಆದ ಆರ್‌ಟಿಒದಲ್ಲೇ ಅದನ್ನು ಸೇರಿಸಬೇಕು, ಆಮೇಲಷ್ಟೇ ಹೆಸರು ಬದಲಾವಣೆ. ಇದನ್ನು ಮಾರುವವರ ಕೈಯಲ್ಲೇ ಮಾಡಿಸಿಕೊಳ್ಳಿ. ಆರ್‌ಸಿಯಲ್ಲಿ ಹೆಸರಿರುವ ಹಿರಿಯರು ತೀರಿಕೊಂಡಿದ್ದರೆ ಕಾರು ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆ ಇದೆಯಾ ಕೇಳಿ. ಎಷ್ಟೋ ಒಳ್ಳೆಯ ಫಿಯೆಟ್‌ಗಳು ಇದೊಂದೇ ಕಾರಣಕ್ಕೆ ಶೆಡ್ಡಿನಲ್ಲಿ ಕೊಳೆಯುತ್ತಿವೆ. ವಿಮೆ ಮಾಡಿಸುವಾಗ ಕಾರಿನ ಮೌಲ್ಯವನ್ನು ಕಂಪನಿಯ ಜೊತೆ ಮಾತಾಡಿ ಒಪ್ಪಿಸಿಕೊಳ್ಳಿ. ಹಾಗೇ ಬಿಟ್ಟರೆ ಹಳೇ ಕಾರಿಗೆ ಏನೂ ಬೆಲೆ ಹಾಕುವುದಿಲ್ಲ.

ಓಡಿಸಿ ನೋಡುವ ದಿನ ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ತಣ್ಣಗಿರುವಾಗಲೇ ನಿಮ್ಮ ಎದುರಿಗೆ ಸ್ಟಾರ್ಟ್ ಮಾಡಿಸಿ. ನೀವು ಹೋಗುವಷ್ಟರಲ್ಲಿ ಬೋನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ, ಬೋರು–ಪಿಸ್ಟನ್ ಕೆಲಸ ಇದೆ. ಮೊದಲು ಊರೊಳಗೆ ಓಡಿಸಿ, ಆಮೇಲೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ. ಡ್ರಮ್ ಬ್ರೇಕಿನ ಕಾರನ್ನು ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳ ನಡುವೆ ಮೊದಲ ದಿನವೇ ಇಳಿಸಬೇಡಿ. ನಿಧಾನವಾಗಿ ಹೋಗುವಾಗ ಬ್ರೇಕ್ ಒತ್ತಿದರೆ ಒಂದು ಕಡೆಗೆ ಎಳೆಯುತ್ತದಾ, ಗೇರ್ ಇಳಿಸುವಾಗ ಕರಕರ ಅನ್ನುತ್ತದಾ, ಸ್ಟೀರಿಂಗ್ ಎಷ್ಟು ಆಡುತ್ತದೆ, ಇಷ್ಟು ಗಮನಿಸಿ. ವಾಪಸ್ ಬಂದು ಇಂಜಿನ್ ನಿಲ್ಲಿಸಿ, ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ. ಹತ್ತು ನಿಮಿಷ ಬಿಟ್ಟು ಕಾರನ್ನು ಮುಂದಕ್ಕೆ ತೆಗೆದು, ನಿಂತಿದ್ದ ಜಾಗದಲ್ಲಿ ಏನು ಸೋರಿದೆ ನೋಡಿ. ಆಯಿಲ್ ಹನಿ ಎರಡು ಬಿದ್ದಿದ್ದರೆ ಈ ವಯಸ್ಸಿನ ಕಾರಿಗೆ ಸಹಜ. ನೀರು ಬಿದ್ದಿದ್ದರೆ ರೇಡಿಯೇಟರ್, ಹೋಸು, ವಾಟರ್ ಪಂಪು ಮೂರನ್ನೂ ಮೇಸ್ತ್ರಿಗೆ ತೋರಿಸಿ, ಆ ಖರ್ಚು ಸೇರಿಸಿಕೊಂಡು ಬೆಲೆ ಮಾತಾಡಿ. ಬ್ರೇಕ್ ಆಯಿಲ್ ಬಿದ್ದಿದ್ದರೆ ಅದು ಸರಿಯಾಗುವವರೆಗೆ ಆ ಕಾರನ್ನು ಓಡಿಸಿಕೊಂಡು ಮನೆಗೆ ತರಬೇಡಿ, ಟೆಂಪೊದಲ್ಲಿ ಹಾಕಿಸಿ ತನ್ನಿ.